ಟಾಪ್ ಕೊಯ್ದ 1934ರ ಫೋರ್ಡ್: ಹಳೆಯ ಡ್ರ್ಯಾಗ್ ಕಾರಿನ ಮಾಡೆಲ್ ಕಟ್ಟುವ ಬಗೆ

ಪ್ಲಾಸ್ಟಿಕ್ ಕಿಟ್ ತಂದು, ಡಬ್ಬಿಯೊಳಗಿನ ಚಿತ್ರ ನೋಡಿಕೊಂಡು ಅಂಟಿಸುವುದು ಒಂದು ಕೆಲಸ. ಅದೇ ಕಿಟ್‌ನ ಟಾಪ್, ಅಂದರೆ ಕಾರಿನ ಛಾವಣಿ, ಕೊಯ್ದು, ಕಿಟಕಿಗಳ ಎತ್ತರದಲ್ಲಿ 4 ಮಿ.ಮೀ. ತೆಗೆದು, ಮತ್ತೆ ಕೂರಿಸುವುದು ಬೇರೆಯದೇ ಕೆಲಸ. ಒಂದೆರಡು ಕಿಟ್ ಕಟ್ಟಿ ಕೈ ಪಳಗಿದವರಿಗೆ ಈ ಲೇಖನ. ನಾವು ಕಟ್ಟುವುದು 1934ರ ಫೋರ್ಡ್ ಐದು ಕಿಟಕಿಯ ಕೂಪೆ (ಎರಡು ಬಾಗಿಲಿನ ಚಿಕ್ಕ ಕಾರು), 1/25 ಅಳತೆಯಲ್ಲಿ. ಎಎಂಟಿ ಕಂಪನಿಯ ಕಿಟ್ ಇದಕ್ಕೆ ಸರಿಹೊಂದುತ್ತದೆ. ಬೇರೆ ಕಿಟ್ ಇದ್ದರೂ ಪರವಾಗಿಲ್ಲ, ಟಾಪ್ ಮೂಲ ಎತ್ತರದಲ್ಲಿರಬೇಕು ಅಷ್ಟೇ. ಕೆಲವು ಕಿಟ್‌ಗಳಲ್ಲಿ ಟಾಪ್ ಮೊದಲೇ ತಗ್ಗಿಸಿರುತ್ತಾರೆ. ಕೊಳ್ಳುವ ಮುಂಚೆ ಫೋಟೋ ನೋಡಿ.

ಟಾಪ್ ಯಾಕೆ ಕೊಯ್ಯುತ್ತಿದ್ದರು ಅಂತ ಗೊತ್ತಿದ್ದರೆ ಎಲ್ಲಿ ಕೊಯ್ಯಬೇಕು ಅನ್ನುವುದೂ ಸುಲಭವಾಗುತ್ತದೆ. ಇದು ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರ ಕೆಲಸ. ಎರಡನೇ ಮಹಾಯುದ್ಧಕ್ಕೆ ಮೊದಲೇ ಅವರು ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಹಳೆಯ ಫೋರ್ಡ್‌ಗಳನ್ನು ಓಡಿಸುತ್ತಿದ್ದರು. ಅಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯೇ ಶತ್ರು. ಟಾಪ್ ತಗ್ಗಿದರೆ ಗಾಳಿಗೆ ಎದುರಾಗುವ ಜಾಗ ಕಡಿಮೆ. ಯುದ್ಧ ಮುಗಿದ ಮೇಲೆ ನೇರ ಓಟದ ಸ್ಪರ್ಧೆ ಜೋರಾಯಿತು. 1950ರಲ್ಲಿ ಸಿ.ಜೆ. ಹಾರ್ಟ್ ಮತ್ತು ಅವರ ಜೊತೆಗಾರರು ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಡ್ರ್ಯಾಗ್ ಓಟ ಶುರುಮಾಡಿದರು. 1951ರಲ್ಲಿ ವಾಲಿ ಪಾರ್ಕ್ಸ್ ಡ್ರ್ಯಾಗ್ ಓಟ ನಡೆಸುವ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಸಂಸ್ಥೆ ಕಟ್ಟಿದರು. 1955ರಲ್ಲಿ ಕಾನ್ಸಾಸ್‌ನ ಗ್ರೇಟ್ ಬೆಂಡ್‌ನಲ್ಲಿ ಅದರ ಮೊದಲ ರಾಷ್ಟ್ರೀಯ ಕೂಟ ನಡೆಯಿತು.

ಡ್ರ್ಯಾಗ್ ಓಟ ಎಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ನಿಜ ಹೇಳಬೇಕೆಂದರೆ, ಕೆರೆಯಂಗಳದಲ್ಲಿ ಟಾಪ್ ಕೊಯ್ದು ಸಿಗುವಷ್ಟು ಲಾಭ ಕಾಲು ಮೈಲಿಯಲ್ಲಿ ಸಿಗುವುದಿಲ್ಲ. ಆದರೆ ಅದೇ ಹುಡುಗರು, ಅದೇ ಕಾರು, ಎರಡೂ ಕಡೆ ಓಡುತ್ತಿದ್ದರು. ಪಿಯರ್ಸನ್ ಸಹೋದರರ 1934ರ ಫೋರ್ಡ್ ಕೂಪೆಯನ್ನೇ ನೋಡಿ. ಮುಂದಿನ ಗಾಜು ಇಷ್ಟು ಎತ್ತರ ಇರಲೇಬೇಕು ಅಂತ ನಿಯಮ ಇತ್ತು. ಅವರು ಗಾಜನ್ನು ಹಾಗೇ ಇಟ್ಟು, ಸುಮಾರು 50 ಡಿಗ್ರಿ ಹಿಂದಕ್ಕೆ ಒರಗಿಸಿಬಿಟ್ಟರು! ನಿಯಮವೂ ಉಳಿಯಿತು, ಟಾಪೂ ತಗ್ಗಿತು. ಇಂಟರ್ನೆಟ್‌ನಲ್ಲಿ ಅದರ ಫೋಟೋ ಹುಡುಕಿ ಎದುರಿಗಿಟ್ಟುಕೊಳ್ಳಿ. ನಾವು ಅಷ್ಟು ದೂರ ಹೋಗುವುದಿಲ್ಲ. ಮೊದಲ ಸಲಕ್ಕೆ ಅದು ಬೇಡ.

ಮೊದಲು ಇಸವಿ ಬರೆದುಕೊಳ್ಳಿ

ಕತ್ತಿ ಹಿಡಿಯುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ಕಾರು ಓಟಕ್ಕಿಳಿದದ್ದು ಯಾವ ಇಸವಿಯಲ್ಲಿ ಅಂತ ಬರೆದು ಗೋಡೆಗೆ ಅಂಟಿಸಿ. ಸುಮ್ನೆ ಹೇಳುತ್ತಿಲ್ಲ. ಹಳೆಯ ಕಾರಿನ ಮಾಡೆಲ್ ಕೆಡುವುದು ಹೆಚ್ಚಾಗಿ ಇಲ್ಲೇ. ಅಂಟು ಪೇಂಟೆಲ್ಲ ಚೆನ್ನಾಗಿರುತ್ತದೆ, ಆದರೆ 1953ರ ಕಾರಿಗೆ ಹತ್ತು ವರ್ಷ ಆಮೇಲೆ ಬಂದ ಚಕ್ರ ಇರುತ್ತದೆ.

ಕೆಲವು ಗಡಿಗಳು ನೆನಪಿರಲಿ. ಕ್ರೈಸ್ಲರ್‌ನ ಹೆಮಿ ಎಂಜಿನ್ ಬಂದದ್ದು 1951ರಲ್ಲಿ. ಶೆವ್ರೊಲೆಯ ಚಿಕ್ಕ ವಿ-8 (ಎಂಟು ಸಿಲಿಂಡರಿನ ಎಂಜಿನ್) ಬಂದದ್ದು 1955ರ ಮಾಡೆಲ್‌ಗೆ. ಅಮೆರಿಕನ್ ರೇಸಿಂಗ್‌ನ ಐದು ಕಡ್ಡಿಯ ಟಾರ್ಕ್ ಥ್ರಸ್ಟ್ ಚಕ್ರ 1963ರದ್ದು. ಬಹಳ ಕಿಟ್‌ಗಳಲ್ಲಿ ಸಿಗುವ ಚಕ್ರ ಇದನ್ನೇ ಹೋಲುತ್ತದೆ, ಹಾಗಾಗಿ ಜನ ಯೋಚಿಸದೆ ಹಾಕಿಬಿಡುತ್ತಾರೆ.

ನನ್ನ ಸಲಹೆ 1952 ಅಥವಾ 1953. ಫೋರ್ಡ್‌ನ ಸ್ವಂತ ಫ್ಲಾಟ್‌ಹೆಡ್ ವಿ-8 ಎಂಜಿನ್ (ಮೇಲ್ಭಾಗ ಚಪ್ಪಟೆ ಇರುವ ಹಳೆಯ ಬಗೆ), ಸಾದಾ ಉಕ್ಕಿನ ಚಕ್ರ, ತಗ್ಗಿದ ಮೂತಿ. 1960ರ ಸುಮಾರಿಗೆ ಬಂದ, ಪಂಪಿನ ಪೆಟ್ರೋಲಿನಲ್ಲೇ ಓಡುವ ಗ್ಯಾಸರ್ ಕಾರುಗಳು ಮುಂಭಾಗ ಎತ್ತಿಕೊಂಡು ನಿಂತಿರುತ್ತವೆ. ಅವೂ ಚೆಂದವೇ. ಆದರೆ ಟಾಪ್ ಕೊಯ್ದು ತಗ್ಗಿಸಿ, ಮತ್ತೆ ಇಡೀ ಕಾರನ್ನು ಎತ್ತರಿಸುವುದು ನನ್ನ ಕಣ್ಣಿಗೆ ಒಗ್ಗುವುದಿಲ್ಲ.

ಇಂಚಿಗೆ ಒಂದು ಮಿಲಿಮೀಟರ್

1/25 ಅಳತೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಿಜವಾದ ಕಾರಿನ 1 ಇಂಚು ಮಾಡೆಲ್‌ನಲ್ಲಿ 1.016 ಮಿ.ಮೀ. ಅಂದರೆ ಹೆಚ್ಚುಕಡಿಮೆ ಇಂಚಿಗೆ ಒಂದು ಮಿ.ಮೀ. 4 ಇಂಚು ಕೊಯ್ದ ಟಾಪ್ ಬೇಕೆಂದರೆ 4 ಮಿ.ಮೀ. ತೆಗೆದರಾಯಿತು. ಕ್ಯಾಲ್ಕ್ಯುಲೇಟರ್ ಬೇಕಿಲ್ಲ. 1/24ರ ಕಿಟ್ ಆದರೆ ಇಂಚಿಗೆ 1.06 ಮಿ.ಮೀ. ಬರುತ್ತದೆ.

ಎಷ್ಟು ಕೊಯ್ಯಬೇಕು? ಮೂರಕ್ಕೆ ಶುರುಮಾಡಿ, ನಾಲ್ಕಕ್ಕೆ ನಿಲ್ಲಿಸಿ. ಆಸೆಗೆ ಬಿದ್ದು ಐದು, ಆರು ತೆಗೆದರೆ ಕಿಟಕಿಗಳು ಸೀಳುಗಳ ಹಾಗೆ ಉಳಿಯುತ್ತವೆ. ಸೀಟು, ಸ್ಟೀರಿಂಗ್, ರೋಲ್ ಬಾರ್ (ಕಾರು ಮಗುಚಿದರೆ ಡ್ರೈವರನ್ನು ಕಾಯುವ ಕಮಾನು) ಯಾವುದಕ್ಕೂ ಜಾಗ ಇರುವುದಿಲ್ಲ. ಮೊದಲು ಕಾಗದದಲ್ಲಿ ನೋಡಿಕೊಳ್ಳಿ. ಬಾಡಿಯನ್ನು ಸರಿಯಾಗಿ ಪಕ್ಕದಿಂದ ಫೋಟೋ ತೆಗೆದು, ಮಾಡೆಲ್‌ನಷ್ಟೇ ಗಾತ್ರಕ್ಕೆ ಪ್ರಿಂಟ್ ಹಾಕಿಸಿ. ಕಿಟಕಿಯ ಮಧ್ಯದಲ್ಲಿ ಕತ್ತರಿಸಿ ಟಾಪನ್ನು ಕೆಳಕ್ಕೆ ಸರಿಸಿ. 3 ಮಿ.ಮೀ., 4 ಮಿ.ಮೀ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಬೇಕು ಅಂತ ಕಣ್ಣೇ ಹೇಳುತ್ತದೆ.

ಈ ಕಾಗದದಲ್ಲೇ ನಿಮಗೆ ಇನ್ನೊಂದು ವಿಷಯವೂ ಕಾಣುತ್ತದೆ. ಕಿಟಕಿಗಳ ಪಕ್ಕ ಟಾಪನ್ನು ಹೊತ್ತ ಕಂಬಗಳಲ್ಲಿ ಕೆಳಗಿನ ತುಂಡಿಗೂ ಮೇಲಿನ ತುಂಡಿಗೂ ಹೊಂದುವುದಿಲ್ಲ! ಈ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲೇ. ಬೋರಲು ಹಾಕಿದ ಬಕೆಟ್‌ನ ಮಧ್ಯದಿಂದ ಒಂದು ಉಂಗುರ ಕೊಯ್ದು ತೆಗೆದರೆ ಏನಾಗುತ್ತದೆ? ಮೇಲಿನ ತುಂಡು ಕೆಳಗಿನದಕ್ಕಿಂತ ಚಿಕ್ಕದಾಗಿ ಒಳಗೆ ಕೂರುತ್ತದೆ. ಕಾರಿನ ಟಾಪೂ ಹಾಗೆಯೇ. ಮುಂದಿನ ಕಂಬ ಹಿಂದಕ್ಕೆ ಒರಗಿದೆ, ಹಿಂಬದಿ ಮುಂದಕ್ಕೆ ಬಾಗಿದೆ, ಎರಡೂ ಪಕ್ಕ ಒಳಕ್ಕೆ ವಾಲಿವೆ.

ಎಷ್ಟು ತಪ್ಪುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು. ಮುಂದಿನ ಕಂಬದ ಎತ್ತರ ಅಳೆಯಿರಿ. ಬುಡದಿಂದ ತುದಿಗೆ ಅದು ಎಷ್ಟು ಹಿಂದಕ್ಕೆ ಹೋಗಿದೆ ಅಂತಲೂ ಅಳೆಯಿರಿ. 15 ಮಿ.ಮೀ. ಎತ್ತರಕ್ಕೆ 3 ಮಿ.ಮೀ. ಒರಗಿದ್ದರೆ, 4 ಮಿ.ಮೀ. ಕೊಯ್ದಾಗ 0.8 ಮಿ.ಮೀ. ಅಂತರ ಬರುತ್ತದೆ. ಹಿಂಬದಿಗೂ ಇದೇ ಲೆಕ್ಕ. ಎರಡೂ ಕೂಡಿದರೆ ಟಾಪ್ ಎಷ್ಟು ಉದ್ದವಾಗಬೇಕು ಅನ್ನುವುದು ಸಿಗುತ್ತದೆ. ಕಂಬಗಳು ಹೆಚ್ಚು ನೇರ ನಿಂತಿರುವ 1930–31ರ ಮಾಡೆಲ್ ಎ ಫೋರ್ಡ್ ಆಗಿದ್ದರೆ ಈ ತಾಪತ್ರಯ ಬಹಳ ಕಡಿಮೆ. ಧೈರ್ಯ ಸಾಲದವರು ಅದರಿಂದ ಶುರುಮಾಡಬಹುದು.

ಕೊಯ್ಯುವುದು

ಬಾಡಿಯನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಮುಂದೆ ಪೇಂಟ್ ಹಿಡಿಯುವುದಿಲ್ಲ. ಆಮೇಲೆ ಬಾಡಿಯ ಒಳಗೆ, ಕಿಟಕಿಗಳ ಕೆಳಗೆ, ಎಡದಿಂದ ಬಲಕ್ಕೆ ಎರಡು ಅಡ್ಡಪಟ್ಟಿ ಅಂಟಿಸಿ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯೇ ಸಾಕು. ಟಾಪ್ ಬಿಚ್ಚಿದ ಮೇಲೆ ಬಾಡಿ ಅಗಲಕ್ಕೆ ಬಿಚ್ಚಿಕೊಳ್ಳದಂತೆ ಇದು ಹಿಡಿದಿಡುತ್ತದೆ.

ಈಗ ಗುರುತು. ಬೇಕಾಗಿರುವುದು 4 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್. ಆ ಅಗಲದ್ದು ಸಿಗದಿದ್ದರೆ ಗಾಜಿನ ಮೇಲೆ ಟೇಪ್ ಅಂಟಿಸಿ, ಸ್ಟೀಲ್ ಸ್ಕೇಲ್ ಇಟ್ಟು ಸೀಳಿಕೊಳ್ಳಿ. ಈ ಟೇಪನ್ನು ಪ್ರತಿ ಕಂಬದ ಮೇಲೂ ಅಂಟಿಸಿ. ಟೇಪ್‌ನ ಮೇಲಂಚು ಒಂದು ಕೊಯ್ತ, ಕೆಳಅಂಚು ಇನ್ನೊಂದು. ಕಂಬ ನೇರವಾಗಿರುವ, ದಪ್ಪ ಬದಲಾಗದ ಜಾಗ ಆರಿಸಿ. ಎಲ್ಲ ಕಂಬಗಳಲ್ಲೂ ಕೊಯ್ತ ಒಂದೇ ಮಟ್ಟದಲ್ಲಿ ಇರಬೇಕಿಲ್ಲ, ತೆಗೆಯುವ ಅಳತೆ ಮಾತ್ರ ಒಂದೇ ಇರಬೇಕು.

ಹಿಂಬದಿಗೆ ಬೇರೆ ಯೋಚನೆ ಮಾಡಿ. ಹಿಂದಿನ ಗಾಜು ಮೊದಲೇ ಚಿಕ್ಕದು. ಅದರ ಮಧ್ಯದಲ್ಲಿ ಕೊಯ್ದರೆ ಅಂಚೆಪೆಟ್ಟಿಗೆ ಬಾಯಿಯಷ್ಟೇ ಉಳಿಯುತ್ತದೆ. ಅದರ ಬದಲು ಗಾಜಿನ ಕೆಳಗಿನ ತಗಡಿನಿಂದ 4 ಮಿ.ಮೀ. ತೆಗೆಯಿರಿ. ಆಗ ಗಾಜು ಇದ್ದ ಹಾಗೇ ಇದ್ದು ಟಾಪ್ ಜೊತೆ ಕೆಳಗಿಳಿಯುತ್ತದೆ.

ಮಾಡೆಲ್ ಕೆಲಸದ ತೆಳು ಗರಗಸ ಇದ್ದರೆ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯ ಆಕ್ಸಾ ಬ್ಲೇಡ್ ಇದಕ್ಕೆ ತೀರಾ ದಪ್ಪ, ಅದು ತಿನ್ನುವ ಪ್ಲಾಸ್ಟಿಕ್‌ನಲ್ಲೇ ನಿಮ್ಮ ಅಳತೆ ಹೋಗುತ್ತದೆ. ಮೊದಲು ಮೇಲಿನ ಗೆರೆಗಳನ್ನೆಲ್ಲ ಕೊಯ್ದು ಟಾಪ್ ಬೇರೆ ಮಾಡಿ. ತೆಳುವಾದ ಮುಂದಿನ ಕಂಬಗಳನ್ನು ಕೊನೆಗೆ ಕೊಯ್ಯಿರಿ. ಅವನ್ನು ಮೊದಲೇ ಕೊಯ್ದರೆ ಹಿಂಬದಿ ಕೊಯ್ಯುವಾಗ ಟಾಪ್ ಅಲುಗಾಡಿ ಮುರಿಯುತ್ತದೆ. ಆಮೇಲೆ ಕೆಳಗಿನ ಗೆರೆ. ಗೆರೆಯ ಮೇಲೇ ಕೊಯ್ಯಬೇಡಿ. ಒಂದು ಕೂದಲಷ್ಟು ಮೇಲೆ ಕೊಯ್ದು, ಉಳಿದದ್ದನ್ನು ಚಿಕ್ಕ ಅರದಿಂದ ಉಜ್ಜಿ ಗೆರೆಗೆ ತನ್ನಿ. ನಿಧಾನವಾಗಿ. ಗರಗಸ ಜೋರಾಗಿ ಆಡಿಸಿದರೆ ಪ್ಲಾಸ್ಟಿಕ್ ಕಾದು ಕರಗಿ ಅಂಟಿಕೊಳ್ಳುತ್ತದೆ.

ಕೂರಿಸುವುದು

ಅಂಟಿಲ್ಲದೆ ಟಾಪ್ ಇಟ್ಟು ನೋಡಿ. ಮೊದಲು ಹಿಂಬದಿ ಕೂರಿಸಿ. ತಗಡಿನ ಬಾಗು ಸರಿಯಾಗಿ ಹೊಂದಿಸಬೇಕಾದದ್ದು ಅಲ್ಲಿ. ಮುಂದಿನ ಕಂಬಗಳು ಎಷ್ಟು ದೂರ ಉಳಿಯುತ್ತವೋ ಅದನ್ನು ಸರಿಮಾಡಲು ಎರಡು ದಾರಿ.

ಒಂದು, ಮುಂದಿನ ಕಂಬಗಳನ್ನು ಇನ್ನಷ್ಟು ಹಿಂದಕ್ಕೆ ಒರಗಿಸುವುದು. ಕಂಬದ ಬುಡದಲ್ಲಿ, ಕಾರಿನ ಹಿಂಬದಿಗೆ ಮುಖ ಮಾಡಿದ ಕಡೆ ಸಣ್ಣ ವಿ ಆಕಾರದ ಗೀರು ಹಾಕಿ, ಮೆಲ್ಲಗೆ ಬಗ್ಗಿಸಿ, ಅಂಟು ಬಿಟ್ಟು ಗಟ್ಟಿಮಾಡಿ. 3 ಮಿ.ಮೀ. ಕೊಯ್ದವರಿಗೆ ಇಷ್ಟೇ ಸಾಕಾಗಬಹುದು. ಗಾಜು ಒರಗಿದಂತೆ ಕಂಡು ಕಾರಿಗೆ ವೇಗದ ಕಳೆಯೂ ಬರುತ್ತದೆ.

ಇನ್ನೊಂದು, ಟಾಪನ್ನೇ ಅಡ್ಡಕ್ಕೆ ಕೊಯ್ದು ಮಧ್ಯೆ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದ ಮಾಡುವುದು. ಇಲ್ಲಿ 1934ರ ಫೋರ್ಡ್ ನಮಗೆ ಸಹಾಯ ಮಾಡುತ್ತದೆ. ಆ ಕಾಲದ ಫೋರ್ಡ್ ಟಾಪ್‌ಗಳು ಪೂರ್ತಿ ಉಕ್ಕಿನವಲ್ಲ. ಮಧ್ಯದಲ್ಲಿ ಬಟ್ಟೆಯ ಹೊದಿಕೆ ಇರುತ್ತಿತ್ತು. ಪೂರ್ತಿ ಉಕ್ಕಿನ ಟಾಪ್ ಬಂದದ್ದು 1937ರ ಕಾರುಗಳಿಗೆ. ಓಟದ ಹುಡುಗರು ಬಟ್ಟೆ ಕಿತ್ತು ಆ ಜಾಗಕ್ಕೆ ತಗಡು ಬೆಸೆಯುತ್ತಿದ್ದರು. ಹಾಗಾಗಿ ನೀವೂ ಆ ಚೌಕವನ್ನು ತುಂಬಿ ನುಣುಪು ಮಾಡಬಹುದು. ಸೇರಿಸಿದ ಪಟ್ಟಿಯ ಗುರುತು ಅದರಡಿಯಲ್ಲೇ ಮುಚ್ಚಿಹೋಗುತ್ತದೆ.

ಪಕ್ಕದ ಕಂಬಗಳು ಒಳಕ್ಕೆ ವಾಲಿರುವುದಕ್ಕೆ ಟಾಪನ್ನು ಉದ್ದಕ್ಕೂ ಸೀಳಿ ನಾಲ್ಕು ತುಂಡು ಮಾಡುವವರಿದ್ದಾರೆ. 4 ಮಿ.ಮೀ. ಒಳಗಿನ ಕೆಲಸಕ್ಕೆ ಅದು ಜಾಸ್ತಿಯಾಯಿತು. ಕೆಳಗಿನ ಕಂಬದ ಮೋಟುಗಳನ್ನು ಒಳಕ್ಕೆ ಒಂಚೂರು ಒತ್ತಿ ಹೊಂದಿಸಿದರೆ ಸಾಕು. ಉಳಿದ ಅಂತರ ಪುಟ್ಟಿಗೆ.

ಹೊಂದಿಕೆ ಸರಿಬಂದ ಮೇಲೆ ಪ್ರತಿ ಕಂಬಕ್ಕೂ ಸೂಜಿ ಮೊನೆಯಷ್ಟು ಫೆವಿಕ್ವಿಕ್ ಇಟ್ಟು ಹಿಡಿಸಿ. ಈಗ ಬಾಡಿಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಎದುರಿನಿಂದ ನೋಡಿ. ಎಡ ಬಲ ಒಂದೇ ಎತ್ತರ ಇದೆಯಾ? ಎದುರಿನಿಂದ ಟಾಪ್ ಅರ್ಧ ಮಿ.ಮೀ. ವಾಲಿದ್ದರೂ ಕಣ್ಣಿಗೆ ಹೊಡೆಯುತ್ತದೆ. ತಪ್ಪಿದ್ದರೆ ಈಗಲೇ ಬಿಡಿಸಿ. ಸರಿ ಇದ್ದರೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಅಂಟನ್ನು ಒಳಗಿನಿಂದ ಬಿಡಿ. ಕಂಬಗಳ ಒಳಮೈಗೆ ತೆಳು ಪ್ಲಾಸ್ಟಿಕ್ ಪಟ್ಟಿಯ ಆಸರೆ ಕೊಡಿ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಸಂದು ತುಂಬಲು ಮಾಡೆಲ್ ಪುಟ್ಟಿ ಬಳಸಬಹುದು. ಆಳದ ಸಂದಿಗೆ ಫೆವಿಕ್ವಿಕ್ ಮತ್ತು ಅಡುಗೆ ಸೋಡಾ ಇನ್ನೂ ಒಳ್ಳೆಯದು. ಸಂದಿಗೆ ಸೋಡಾ ಪುಡಿ ತುಂಬಿ ಒಂದು ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಅರ್ಧ ಗಂಟೆಯೊಳಗೆ ಉಜ್ಜಿಬಿಡಿ. ತಡವಾದಷ್ಟೂ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಸುತ್ತಲಿನ ಬಾಡಿ ಸವೆಯುತ್ತದೆಯೇ ಹೊರತು ಅದು ಸವೆಯುವುದಿಲ್ಲ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಕಣ್ಣಿಗೆ ಉರಿ. ಉಜ್ಜಲು 320 ನಂಬರಿನ ವಾಟರ್ ಪೇಪರ್‌ನಿಂದ ಶುರುಮಾಡಿ 600, 1000ಕ್ಕೆ ಹೋಗಿ.

ಉಜ್ಜುವಾಗ ಕಿಟಕಿಗಳ ಮೇಲಿನ ಮಳೆನೀರಿನ ಅಂಚು ಸವೆದುಹೋಗುವುದು ಸಾಮಾನ್ಯ. ಕಿಟ್‌ನ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ದಾರದಂಥ ಎಳೆ ಬರುತ್ತದೆ. ಅದನ್ನು ಆ ಜಾಗಕ್ಕೆ ಅಂಟಿಸಿ. ಕೊನೆಗೆ ಬೂದು ಪ್ರೈಮರ್ ಒಂದು ಕೋಟು. ಪ್ರೈಮರ್ ಬಿದ್ದ ಕೂಡಲೇ ಕಾಣದಿದ್ದ ಗೀರುಗಳೆಲ್ಲ ಎದ್ದು ಕಾಣುತ್ತವೆ. ಮತ್ತೆ ಪುಟ್ಟಿ, ಮತ್ತೆ ಉಜ್ಜು.

ಎಂಜಿನ್, ಚಾಸಿ

ಫ್ಲಾಟ್‌ಹೆಡ್‌ಗೆ ಒಂದು ಗುಟ್ಟು ಇದೆ. ಎಂಟು ಸಿಲಿಂಡರ್ ಇದ್ದರೂ ಹೊಗೆ ಹೊರಬರುವ ಕಿಂಡಿ ಪ್ರತಿ ಬದಿಗೆ ಮೂರೇ. ಮಧ್ಯದ ಎರಡು ಸಿಲಿಂಡರ್‌ಗಳಿಗೆ ಒಂದೇ ಕಿಂಡಿ. ಬೇರೆ ಕಿಟ್‌ನಿಂದ ನಾಲ್ಕು ಕೊಳವೆಯ ಎಕ್ಸಾಸ್ಟ್ ತಂದು ಅಂಟಿಸಿದರೆ ಗೊತ್ತಿದ್ದವರು ನಗುತ್ತಾರೆ. ಹೆಮಿ ಆರಿಸಿಕೊಂಡವರಿಗೆ ನಾಲ್ಕು ಸರಿ. ಅದರಲ್ಲಿ ಪ್ಲಗ್ ವೈರ್‌ಗಳು ವಾಲ್ವ್ ಕವರ್‌ನ ನಡುವೆಯೇ ಒಳಗಿಳಿಯುತ್ತವೆ.

ಆ ಕಾಲದ ಪ್ಲಗ್ ವೈರ್ 7 ಮಿ.ಮೀ. ದಪ್ಪ, ಅಂದರೆ ನಮಗೆ 0.28 ಮಿ.ಮೀ. ಹಾಳಾದ ಇಯರ್‌ಫೋನ್ ಬಿಚ್ಚಿದರೆ ಒಳಗೆ ತೆಳು ಎಳೆಗಳು ಸಿಗುತ್ತವೆ. ಕಾರ್ಬ್ಯುರೇಟರ್ ಎರಡು ಅಥವಾ ಮೂರು ಸಾಲಾಗಿ ಇಡಿ. ಮುಂದೆ, ಗ್ರಿಲ್ ಬಳಿ, ಚಿಕ್ಕ ಉರುಟು ಅಲ್ಯುಮಿನಿಯಂ ಪೆಟ್ರೋಲ್ ಟ್ಯಾಂಕ್ ಚೆನ್ನಾಗಿ ಕಾಣುತ್ತದೆ.

ಚಾಸಿಗೆ ಒಂದೇ ಅಳತೆ ಪರೀಕ್ಷಿಸಿ. 1934ರ ಫೋರ್ಡ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 112 ಇಂಚು, ಮಾಡೆಲ್‌ನಲ್ಲಿ ಸುಮಾರು 113.8 ಮಿ.ಮೀ. ಮುಂದಿನ ಆಕ್ಸಲ್ ತಗ್ಗಿಸುವಾಗ ಇದು ಏರುಪೇರಾದರೆ ಚಕ್ರ ಬಾಡಿಯ ಕಮಾನಿನ ಮಧ್ಯೆ ಕೂರುವುದಿಲ್ಲ. ಮುಂದೆ ಸಣ್ಣ ಟೈರು, ಹಿಂದೆ ಗೀರಿಲ್ಲದ ಟೈರು. ಹಿಂದಿನದು ಅಗಲ ಬೇಡ. ಅಗಲದ ಟೈರು ಆಮೇಲಿನ ಕಾಲದ್ದು. ಹಾಗೇ ಬಾನೆಟ್‌ನ ಪಕ್ಕದ ಗಾಳಿ ಕಿಂಡಿಗಳನ್ನು ನೋಡಿ: 1934ರದ್ದು ನೇರ ಗೆರೆ, 1933ರದ್ದು ಬಾಗಿದ ಗೆರೆ. ಬೇರೆ ಕಿಟ್‌ನಿಂದ ಬಾನೆಟ್ ತರುವವರಿಗೆ ಇದು ಬೇಕಾಗುತ್ತದೆ.

ಒಳಗೆ ಎಲ್ಲವೂ ತಗ್ಗಬೇಕು

ಟಾಪ್ ಕೊಯ್ದವರು ಮರೆಯುವುದು ಒಳಭಾಗವನ್ನು. ಪೇಂಟೆಲ್ಲ ಮುಗಿದ ಮೇಲೆ ಜೋಡಿಸಲು ಹೋದರೆ ಸೀಟಿನ ಬೆನ್ನು ಟಾಪ್‌ಗೆ ತಾಗುತ್ತದೆ. ಹಾಗಾಗಿ ಪೇಂಟ್‌ಗೆ ಮುಂಚೆಯೇ ಒಳಭಾಗವನ್ನು ಟೇಪ್ ಹಾಕಿ ಜೋಡಿಸಿ ನೋಡಿ. ರೋಲ್ ಬಾರ್‌ನ ಕಾಲುಗಳಿಂದಲೂ ಅದೇ 4 ಮಿ.ಮೀ. ಕತ್ತರಿಸಿ. ಆ ಕಾಲಕ್ಕೆ ಡ್ರೈವರ್ ತಲೆಯ ಹಿಂದೆ ಒಂದೇ ಕಮಾನು ಸಾಕು, ಪಂಜರ ಬೇಡ. ಕಿಟ್‌ನ ಮೆತ್ತನೆ ಸೀಟು ತೆಗೆದುಬಿಡಿ. ಯುದ್ಧ ಮುಗಿದ ಮೇಲೆ ಗುಜರಿಗೆ ಬಂದ ವಿಮಾನಗಳ ಅಲ್ಯುಮಿನಿಯಂ ಸೀಟು, ಸೊಂಟದ ಬೆಲ್ಟುಗಳನ್ನೇ ಹುಡುಗರು ತಂದು ಹಾಕುತ್ತಿದ್ದರು. ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಟ್ಟಲಿನಂತೆ ಬಗ್ಗಿಸಿ, ತೂತುಗಳನ್ನು ಕೊರೆದು, ನೇರ ನೆಲದ ಮೇಲೆ ಕೂರಿಸಿ. ಸ್ಟೀರಿಂಗ್ ಕೂಡ ಸೀಟಿಗೆ ತಕ್ಕಂತೆ ಕೆಳಗೆ ಬರಲಿ.

ಪೇಂಟು

ಕಾರ್ ಪೇಂಟ್ ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಗಳು ಅಗ್ಗ. ಆದರೆ ಅವುಗಳ ಥಿನ್ನರ್ ಖಾರ, ಬರಿ ಪ್ಲಾಸ್ಟಿಕ್ ಮೇಲೆ ಬಿದ್ದರೆ ಮೈಯೆಲ್ಲ ಬಿರುಕು. ಕೆಳಗೆ ಪ್ರೈಮರ್ ಇರಲೇಬೇಕು. ಮೊದಲ ಕೋಟುಗಳು ಮಂಜಿನಷ್ಟು ತೆಳುವಾಗಿರಬೇಕು. ಉಳಿದ ಪ್ಲಾಸ್ಟಿಕ್ ತುಂಡಿನ ಮೇಲೆ ಮೊದಲು ಹೊಡೆದು ನೋಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಲ್ಯಾಕರ್ ಪೇಂಟಿಗೆ ಗಾಳಿಯ ತೇವ ಸೇರಿ ಬಿಳಿ ಮಬ್ಬು ಹಿಡಿಯುತ್ತದೆ. ಬಿಸಿಲು ಬಂದ ದಿನಕ್ಕೆ ಕಾಯಿರಿ.

ಬಣ್ಣ ನಿಮ್ಮಿಷ್ಟ. ಕಪ್ಪು, ಗಾಢ ಕೆಂಪು ಎರಡೂ ಹೊಂದುತ್ತವೆ. ಬರಿ ಪ್ರೈಮರ್‌ನಲ್ಲೇ ಓಡಿದ ಕಾರುಗಳೂ ಬಹಳ ಇದ್ದವು. ಪುಟ್ಟಿ ಕೆಲಸದ ಮೇಲೆ ಪೂರ್ತಿ ನಂಬಿಕೆ ಇಲ್ಲದಿದ್ದರೆ ಹೊಳಪಿಲ್ಲದ ಪ್ರೈಮರ್ ಬಣ್ಣವೇ ಜಾಣತನ. ಹೊಳೆಯುವ ಕಪ್ಪು ಯಾವ ತಪ್ಪನ್ನೂ ಮುಚ್ಚುವುದಿಲ್ಲ.

ಗಾಜು, ನಂಬರು

ಕಿಟ್‌ನ ಗಾಜು ಈಗ ಉಪಯೋಗಕ್ಕೆ ಬರುವುದಿಲ್ಲ, ಎತ್ತರ ಬದಲಾಗಿದೆ ಅಲ್ವಾ. ಶರ್ಟು ಬರುವ ಡಬ್ಬಿಯ ಪಾರದರ್ಶಕ ಮುಚ್ಚಳ ಒಳ್ಳೆಯ ಗಾಜಾಗುತ್ತದೆ. ಪ್ರತಿ ಕಿಟಕಿಗೂ ಮೊದಲು ಕಾಗದದ ಅಚ್ಚು ಕತ್ತರಿಸಿಕೊಳ್ಳಿ. ಗಾಜು ಕಿಟಕಿಗಿಂತ ಸುತ್ತಲೂ ಒಂದು ಮಿ.ಮೀ. ದೊಡ್ಡದಿರಲಿ. ಅಂಟಿಸಲು ಬಿಳಿ ಫೆವಿಕಾಲ್ ಬಳಸಿ, ಒಣಗಿದರೆ ಕಾಣುವುದಿಲ್ಲ. ಫೆವಿಕ್ವಿಕ್ ಹತ್ತಿರವೂ ತರಬೇಡಿ. ಅದರ ಆವಿಗೆ ಗಾಜಿನ ಮೇಲೆ ಬಿಳಿ ಪರೆ ಕಟ್ಟುತ್ತದೆ. ಗಾಜು ಆದ ಮೇಲೆ ಒಳಭಾಗ, ಆಮೇಲೆ ಚಾಸಿ, ಈ ಕ್ರಮದಲ್ಲಿ ಜೋಡಿಸಿ.

ನಂಬರಿಗೆ ದುಬಾರಿ ಸ್ಟಿಕರ್ ಬೇಕಿಲ್ಲ. ಆಗಿನ ಹುಡುಗರು ಓಟದ ದಿನ ಕಾರಿನ ನಂಬರು, ಕ್ಲಾಸಿನ (ಸ್ಪರ್ಧೆಯ ವಿಭಾಗದ) ಅಕ್ಷರಗಳನ್ನು ಕಿಟಕಿ ಗಾಜಿನ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಬರೆಯುತ್ತಿದ್ದರು. ಮನೆಗೆ ಹೋಗಿ ಒರೆಸಿದರಾಯಿತು. ಟೂತ್‌ಪಿಕ್ ತುದಿಗೆ ಬಿಳಿ ಅಕ್ರಿಲಿಕ್ ಪೇಂಟ್ ಅದ್ದಿ ಕೈಯಲ್ಲೇ ಬರೆಯಿರಿ. ಅಕ್ಷರ ಸೊಟ್ಟಗಿದ್ದರೇನೇ ಸರಿ. ಹೆಸರಿಗೆ ಎನ್‌ಎಚ್‌ಆರ್‌ಎ ಕ್ಲಾಸು ಬರೆಯುವವರು ಇಸವಿಯ ಚೀಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. 1957ರಲ್ಲಿ ಆ ಸಂಸ್ಥೆ ನೈಟ್ರೋಮೀಥೇನ್‌ನಂಥ ಇಂಧನಗಳನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾಗತೊಡಗಿದ್ದು 1963ರಲ್ಲಿ. ಹಾಗಾಗಿ 1960ರ ಕಾರಿಗೆ ನೈಟ್ರೋ ಕ್ಲಾಸು ಬರೆದು ಎನ್‌ಎಚ್‌ಆರ್‌ಎ ಸ್ಟಿಕರ್ ಅಂಟಿಸಬೇಡಿ.